ಪ್ರಯೋಗಶಾಲೆಯಿಂದ ಪೆನ್ನಾಗರಂವರೆಗೆ: ಒಂದು ಕೆಮ್ಮಿನ ಔಷಧದ ಸೀಸೆಯ ಕತೆ

2019ರ ಆಷಾಢದಲ್ಲಿ ಏರಿಯೂರು ಕಡೆಯ ಹಳ್ಳಿಯೊಂದರಿಂದ ಕಕ್ಷಿದಾರರೊಬ್ಬರು ಪೆನ್ನಾಗರಂನ ನನ್ನ ಕಚೇರಿಗೆ ಬಂದರು. ವಯಸ್ಸು ನಲವತ್ತರ ಆಸುಪಾಸು, ಮನೆಮಾತು ಕನ್ನಡ. ಒಂದೂವರೆ ಎಕರೆ ಬೆದ್ದಲನ್ನು ಮಾರಿ ಕ್ರಯಪತ್ರ ಮಾಡಿಸಬೇಕಿತ್ತು. ಆಷಾಢದಲ್ಲಿ ಯಾರೂ ಪತ್ರ ಮಾಡಿಸುವುದಿಲ್ಲ. ಅವರಿಗೆ ಹಣದ ಅವಸರವಿತ್ತು. ಪತ್ರ ತಮಿಳಿನಲ್ಲಿರುತ್ತದೆ. ಅದನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಆಮೇಲೆ ಸಹಿ ಹಾಕಿಸುವುದು ನನ್ನ ಪದ್ಧತಿ. ಆ ದಿನ ಎರಡು ವಾಕ್ಯಕ್ಕೊಮ್ಮೆ ಓದು ನಿಲ್ಲಿಸಬೇಕಾಯಿತು, ಅವರು ಕೆಮ್ಮುತ್ತಿದ್ದರು. ಕೊನೆಗೆ ಕೈಚೀಲದಿಂದ ಕಂದು ಬಣ್ಣದ ಸೀಸೆಯೊಂದನ್ನು ತೆಗೆದು, ಮುಚ್ಚಳದಲ್ಲಿ ಬಗ್ಗಿಸಿಕೊಂಡು ಕುಡಿದು, "ಇನ್ನು ಓದಿ ಸ್ವಾಮಿ" ಎಂದರು.

ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದೆ. ಯುಗಾದಿಯಿಂದ ಎಂದರು. ಅಂದರೆ ಮೂರು ತಿಂಗಳ ಮೇಲಾಗಿತ್ತು. ಔಷಧ ಕುಡಿಯದೆ ಸುಮ್ಮನೆ ಕುಳಿತವರಲ್ಲ ಅವರು. ನಾಲ್ಕು ಬಾರಿ ವೈದ್ಯರನ್ನು ಕಂಡಿದ್ದರು. ಊರ ಕಡೆ ಎರಡು ಸಲ, ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ಎರಡು ಸಲ. ನಾಲ್ಕು ಕಡೆಯೂ ಅವರಿಗೆ ಸಿಕ್ಕಿದ್ದು ಸೀಸೆ. ಕಫ ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಲಿಲ್ಲ. ಅಥವಾ ಹೇಳಿದ್ದು ಅವರಿಗೆ ಅರ್ಥವಾಗುವಂತೆ ಹೇಳಲಿಲ್ಲ. ಈ ಎರಡರಲ್ಲಿ ಯಾವುದು ನಿಜ ಎಂಬುದನ್ನು ನಾನಿಂದು ನಿರ್ಧರಿಸಲಾರೆ. ನಮ್ಮ ಬೀದಿಯಲ್ಲಿರುವ ದಾದಿಯೊಬ್ಬರ ಮಾತಿನ ಮೇಲೆ ಮರುವಾರ ಅವರು ಕಫ ಕೊಟ್ಟುಬಂದರು. ಕ್ಷಯ ಎಂದು ಬಂತು.

ಹೀಗಾಗುವುದು ನಮ್ಮ ತಾಲ್ಲೂಕಿನ ದುರದೃಷ್ಟ ಎಂದು ನಾನು ಬಹುಕಾಲ ತಿಳಿದಿದ್ದೆ. ಆಮೇಲೆ ಬೇರೊಂದು ಮೊಕದ್ದಮೆಯ ನಿಮಿತ್ತ ಆರೋಗ್ಯದ ಕಾನೂನುಗಳನ್ನು ಓದುತ್ತಿದ್ದಾಗ ಹಳೆಯ ಪ್ರಬಂಧವೊಂದು ಕಣ್ಣಿಗೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 1963ರಲ್ಲಿ ಪ್ರಕಟವಾದದ್ದು. ಬರೆದವರು ಡಾ. ದೇಬಬ್ರತ ಬ್ಯಾನರ್ಜಿಯವರೆಂದು ಕೆಲವರೂ ದೇಬಬರ್ ಬ್ಯಾನರ್ಜಿಯವರೆಂದು ಹಲವರೂ ಹೇಳುವುದನ್ನು ಕೇಳಿದ್ದೇನೆ. ಪ್ರಬಂಧದಲ್ಲಿ ಅಚ್ಚಾಗಿರುವುದು ಡಿ. ಬ್ಯಾನರ್ಜಿ ಎಂದು. ಜೊತೆಗಾರರು ಸ್ಟಿಗ್ ಆಂಡರ್ಸನ್. ಅಧ್ಯಯನ ನಡೆದದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ನನ್ನ ಕಕ್ಷಿದಾರರ ಕತೆಯನ್ನು ಅದರಲ್ಲಿ ಐವತ್ತಾರು ವರ್ಷ ಮೊದಲೇ ಬರೆದಿಡಲಾಗಿತ್ತು.

ಆ ಕತೆಯನ್ನು ಹೇಳುವ ಮುನ್ನ ಒಂದು ಪದದ ವಿಚಾರ. ಪ್ರಯೋಗಶಾಲೆಯಲ್ಲಿ ಕಂಡುಹಿಡಿದದ್ದನ್ನು ರೋಗಿಯ ಹಾಸಿಗೆಯ ಬಳಿಗೆ ತರುವ ಕೆಲಸಕ್ಕೆ ವೈದ್ಯಲೋಕದಲ್ಲಿ ಈಗ 'ಟ್ರಾನ್ಸ್‌ಲೇಷನಲ್' ಸಂಶೋಧನೆ ಎಂಬ ಹೆಸರಿದೆ. ಕನ್ನಡದಲ್ಲಿ ಹೇಳುವುದಾದರೆ ಭಾಷಾಂತರ. ತಮಿಳುನಾಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಡಿತರ ಚೀಟಿಯಿಂದ ಹಿಡಿದು ನ್ಯಾಯಾಲಯದ ಸಮನ್ಸ್‌ವರೆಗೆ ದಿನಬೆಳಗಾದರೆ ಭಾಷಾಂತರ ಮಾಡಿಕೊಂಡೇ ಬದುಕುವವರು ನಾವು. ಪದಕ್ಕೆ ಪದ ಇಟ್ಟರೆ ಭಾಷಾಂತರವಾಗದು, ಕೇಳುವವನ ಮನೆ, ಕೆಲಸ, ಭಯ, ಜೇಬು ಎಲ್ಲವನ್ನೂ ಅರಿತಿರಬೇಕು ಎಂಬುದು ನಮಗೆ ಅನುಭವದಿಂದ ಗೊತ್ತು. ವೈದ್ಯವಿಜ್ಞಾನ ಇದನ್ನು ಬಹಳ ತಡವಾಗಿ, ಅದೂ ಸಮಾಜಶಾಸ್ತ್ರಜ್ಞರ ಬಾಯಿಂದ ಕೇಳಿ ತಿಳಿಯಿತು.

ನಿಂಬೆ, ಕಿತ್ತಳೆಗಳಿಂದ ನಾವಿಕರ ಸ್ಕರ್ವಿ ಗುಣವಾಗುತ್ತದೆ ಎಂದು ಜೇಮ್ಸ್ ಲಿಂಡ್ ಹಡಗಿನಲ್ಲಿ ಪರೀಕ್ಷಿಸಿ ನೋಡಿದ್ದು 1747ರಲ್ಲಿ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ಆಜ್ಞೆ ಮಾಡಿದ್ದು 1795ರಲ್ಲಿ. ನಡುವಿನ ನಲವತ್ತೆಂಟು ವರ್ಷಗಳಲ್ಲಿ ಸತ್ತವರು ಔಷಧವಿಲ್ಲದೆ ಸತ್ತವರಲ್ಲ. ಸಂಶೋಧನೆಯ ಫಲ ಚಿಕಿತ್ಸೆಗೆ ಸೇರಲು ಸರಾಸರಿ ಹದಿನೇಳು ವರ್ಷ ಬೇಕೆಂಬ ಲೆಕ್ಕವನ್ನು ಈಗಿನ ವಿದ್ವಾಂಸರು ಆಗಾಗ ಉದ್ಧರಿಸುತ್ತಾರೆ. ಅದು ಅಮೆರಿಕದ ಲೆಕ್ಕ. ಧರ್ಮಪುರಿ ಜಿಲ್ಲೆಯ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ಈಗ ಮದ್ರಾಸಿಗೆ ಬರೋಣ. ಕ್ಷಯಕ್ಕೆ ಪರಿಣಾಮಕಾರಿಯಾದ ಮಾತ್ರೆಗಳು 1950ರ ದಶಕದ ಆರಂಭದಲ್ಲಿ ಸಿಕ್ಕಿದ್ದವು. ಆದರೆ ಅಂದಿನ ವೈದ್ಯರ ನಂಬಿಕೆಯಂತೆ ಕ್ಷಯರೋಗಿ ಸ್ಯಾನಟೋರಿಯಂನಲ್ಲೇ ಇರಬೇಕು. ಒಳ್ಳೆಯ ಗಾಳಿ, ಪೂರ್ಣ ವಿಶ್ರಾಂತಿ, ಪುಷ್ಟಿಕರ ಆಹಾರ ಇಲ್ಲದೆ ಮಾತ್ರೆ ಮಾತ್ರದಿಂದ ರೋಗ ಹೋಗದು. ದೇಶದಲ್ಲಿ ರೋಗಿಗಳು ಲಕ್ಷಾಂತರ, ಹಾಸಿಗೆಗಳು ಕೆಲವೇ ಸಾವಿರ. ಈ ನಂಬಿಕೆ ನಿಜವಾಗಿದ್ದರೆ ಬಡವರಿಗೆ ದಾರಿಯೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದ್ರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1956ರಲ್ಲಿ ಮದ್ರಾಸಿನ ಚೇಟ್‌ಪಟ್‌ನಲ್ಲಿ ಒಂದು ಕೇಂದ್ರವನ್ನು ತೆರೆದವು. ವ್ಯಾಲೇಸ್ ಫಾಕ್ಸ್ ಅವರ ನೇತೃತ್ವದಲ್ಲಿ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಲಾಯಿತು. ಒಂದು ಪಾಲಿನವರು ಸ್ಯಾನಟೋರಿಯಂಗೆ. ಇನ್ನೊಂದು ಪಾಲಿನವರು ನಗರದ ಇಕ್ಕಟ್ಟಾದ ತಮ್ಮ ಮನೆಗಳಿಗೇ, ಅದೇ ಮಾತ್ರೆಗಳೊಂದಿಗೆ.

1959ರಲ್ಲಿ ಫಲಿತಾಂಶ ಹೊರಬಿತ್ತು. ಒಂದು ವರ್ಷ ಮಾತ್ರೆ ತಿಂದ ಮನೆಯ ರೋಗಿಗಳು ಸ್ಯಾನಟೋರಿಯಂನವರಿಗೆ ಸರಿಸಮಾನವೆನ್ನುವಷ್ಟು ಗುಣವಾಗಿದ್ದರು. ಅವರ ಊಟ ಹೀನವಾಗಿತ್ತು, ವಿಶ್ರಾಂತಿ ಕಡಿಮೆಯಿತ್ತು, ಆದರೂ ಗುಣವಾಗಿದ್ದರು. ರೋಗಿಯನ್ನು ಮನೆಯಲ್ಲಿಟ್ಟುಕೊಂಡದ್ದರಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಮುಂದೆ ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಮುಚ್ಚಿದ್ದಕ್ಕೆ ಈ ಅಧ್ಯಯನ ಮುಖ್ಯ ಕಾರಣಗಳಲ್ಲೊಂದು. ಮದ್ರಾಸಿನ ಬಡವರ ಮನೆಯಂಗಳದಲ್ಲಿ ಸಿದ್ಧವಾದ ಸತ್ಯವನ್ನು ಶ್ರೀಮಂತ ದೇಶಗಳು ಅಂಗೀಕರಿಸಿದವು ಎಂಬುದು ನಮಗೆ ಹೆಮ್ಮೆಯ ವಿಷಯವೇ.

ಆದರೆ ಈ ಅಧ್ಯಯನ ಕೇಳಿದ ಪ್ರಶ್ನೆ ಒಂದೇ: ಮನೆಯಲ್ಲಿ ಮಾತ್ರೆ ತಿಂದರೆ ರೋಗ ಹೋಗುತ್ತದೆಯೇ? ಆ ಮಾತ್ರೆ ಮನೆಗೆ ತಲುಪುವುದು ಹೇಗೆ ಎಂದು ಅದು ಕೇಳಲಿಲ್ಲ. ಕೇಂದ್ರದ ಸಿಬ್ಬಂದಿ ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಹಳ್ಳಿಗೆ ಅಂಥ ಸಿಬ್ಬಂದಿಯನ್ನು ಎಲ್ಲಿಂದ ತರುವುದು? ಅಲ್ಲಿ ಯಾರಿಗೆ ಕ್ಷಯವಿದೆ ಎಂದು ತಿಳಿಯುವುದಾದರೂ ಹೇಗೆ?

ಈ ಪ್ರಶ್ನೆಗಳಿಗಾಗಿಯೇ ಬೆಂಗಳೂರಿನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಬಳ್ಳಾರಿ ರಸ್ತೆಯ 'ಅವಲಾನ್' ಎಂಬ ಬಂಗಲೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ವೈದ್ಯರ ಜೊತೆಗೆ ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರ ಬಲ್ಲವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದ್ದು ಆ ಸಂಸ್ಥೆಯ ವಿಶೇಷ. ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ತರುಣ ವೈದ್ಯ ಹಾಫ್ದನ್ ಮಾಲರ್ ಮುಂದೆ ಆ ವಿಶ್ವಸಂಸ್ಥೆಗೇ ಮಹಾನಿರ್ದೇಶಕರಾದರು.

ಆ ದಿನಗಳಲ್ಲಿ ಅಧಿಕಾರಿಗಳೂ ವೈದ್ಯರೂ ಹಳ್ಳಿಗರ ಬಗ್ಗೆ ಒಂದು ಮಾತನ್ನು ಹೇಳುತ್ತಿದ್ದರು, ಇಂದಿಗೂ ಹೇಳುವವರಿದ್ದಾರೆ. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಮೂಢನಂಬಿಕೆ ಹೆಚ್ಚು, ರೋಗ ಬಂದರೆ ಮಂತ್ರವಾದಿಯ ಬಳಿಗೆ ಹೋಗುತ್ತಾರೆ. ಆದ್ದರಿಂದ ವಾಹನದಲ್ಲಿ ಎಕ್ಸ್‌ರೇ ಯಂತ್ರ ಕೊಂಡೊಯ್ದು ಊರಿಗೆ ಊರನ್ನೇ ಪರೀಕ್ಷಿಸದ ಹೊರತು ಕ್ಷಯ ಸಿಕ್ಕುವುದಿಲ್ಲ ಎಂಬುದು ಆ ಮಾತು. ಬ್ಯಾನರ್ಜಿ, ಆಂಡರ್ಸನ್ ಇದನ್ನು ನಂಬಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ಪರೀಕ್ಷಿಸಿ ನೋಡಿದರು. ತುಮಕೂರಿನಲ್ಲಿ ಆಗಷ್ಟೇ ನಡೆದಿದ್ದ ರೋಗ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣ ಕಂಡವರನ್ನೂ, ಅವರಿಗೆ ಹೋಲುವ ಆರೋಗ್ಯವಂತರನ್ನೂ ಹುಡುಕಿಸಿ ಪ್ರಶ್ನೆ ಕೇಳಿಸಿದರು. ನಿಮಗೆ ಏನಾದರೂ ತೊಂದರೆ ಇದೆಯೇ? ಅದರ ಚಿಂತೆ ಇದೆಯೇ? ಏನು ಮಾಡಿದಿರಿ? ಹೀಗೆ, ಕ್ಷಯ ಎಂಬ ಪದವನ್ನು ತಾವಾಗಿ ಮುಂದೊಡ್ಡದೆ.

ಉತ್ತರಗಳು ಎಲ್ಲರನ್ನೂ ಬೆರಗುಗೊಳಿಸಿದವು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಮಂದಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಹೆಚ್ಚಿನವರು ಅದರ ಚಿಂತೆಯಲ್ಲಿದ್ದರು. ಅರ್ಧದಷ್ಟು ಮಂದಿ ಸುಮ್ಮನೆ ಕೂರದೆ ಸರ್ಕಾರಿ ಆಸ್ಪತ್ರೆಯಂಥ ಆಧುನಿಕ ಚಿಕಿತ್ಸೆಯ ಬಾಗಿಲಿಗೇ ಹೋಗಿ ಬಂದಿದ್ದರು. ಅಲ್ಲಿ ಅವರ ಕಫವನ್ನು ಯಾರೂ ನೋಡಲಿಲ್ಲ. ಕೆಮ್ಮಿನ ಔಷಧದ ಸೀಸೆಯನ್ನು ಕೈಗಿಟ್ಟು ಕಳಿಸಿದ್ದರು.

ಇಲ್ಲಿ ನ್ಯಾಯಾಲಯದ ಭಾಷೆಯನ್ನು ಬಳಸುವುದಾದರೆ, ಆರೋಪಿಯ ಸ್ಥಾನವೇ ಬದಲಾಯಿತು. ಅಲ್ಲಿಯವರೆಗೆ ಕಟಕಟೆಯಲ್ಲಿದ್ದದ್ದು ಹಳ್ಳಿಗನ ಅಜ್ಞಾನ. ಸಾಕ್ಷ್ಯ ನೋಡಿದ ಮೇಲೆ ಅಲ್ಲಿ ನಿಲ್ಲಬೇಕಾಗಿ ಬಂದದ್ದು ಆಸ್ಪತ್ರೆಯ ಕಿಟಕಿ. ರೋಗಿ ತಾನಾಗಿ ಬಂದಿದ್ದಾನೆ. ಬಂದವನ ಕಫವನ್ನು ಒಂದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ದುಬಾರಿ ಎಕ್ಸ್‌ರೇ ವಾಹನ ಬೇಡ, ಪ್ರತ್ಯೇಕ ಕ್ಷಯದ ಆಸ್ಪತ್ರೆ ಬೇಡ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಿಳುವಳಿಕೆಯ ಮೇಲೆಯೇ ನಿಂತಿತು. ಜನರಿಗೆ ತಾವೇ ಅನುಭವಿಸುವ ಅಗತ್ಯವೇನೋ ಅದರಿಂದ ಕಾರ್ಯಕ್ರಮ ಮೊದಲಾಗಬೇಕು, ತಜ್ಞನ ಆಸಕ್ತಿಯಿಂದಲ್ಲ ಎಂಬುದು ಅದರ ತಿರುಳು. ವೈದ್ಯಕೀಯ ಯೋಜನೆಯೊಂದನ್ನು ಹಳ್ಳಿಗರ ಉತ್ತರಗಳ ಮೇಲೆ ಕಟ್ಟಿದ ಇಂಥ ಉದಾಹರಣೆ ಜಗತ್ತಿನಲ್ಲೇ ಅಪರೂಪ; ಅದು ನಡೆದದ್ದು ಕನ್ನಡ ಮಾತಾಡುವ ಹಳ್ಳಿಗಳಲ್ಲಿ. ಪ್ರಶ್ನೆ ಕೇಳಿದವರಿಗೆ ಉತ್ತರ ಸಿಕ್ಕಿದ್ದು ಕನ್ನಡದಲ್ಲಿ ಎಂಬುದನ್ನು ನೆನೆದಾಗ ನನಗೆ ಈಗಲೂ ಒಂದು ಬಗೆಯ ಸಂತೋಷವಾಗುತ್ತದೆ.

ಇಷ್ಟು ಚೆನ್ನಾಗಿ ತಿಳಿದುಕೊಂಡೂ ಅದು ಏಕೆ ಸೋತಿತು? ಕಾಗದದ ಮೇಲೆ ಎಲ್ಲವೂ ಇತ್ತು. ಆದರೆ ಮಾತ್ರೆ ತಪ್ಪದೆ ಬರಬೇಕು, ಸೂಕ್ಷ್ಮದರ್ಶಕ ನೋಡುವವನು ಹಾಜರಿರಬೇಕು, ಸಾಮಾನ್ಯ ವೈದ್ಯನಿಗೆ ಎದುರಿಗಿರುವ ನೂರು ರೋಗಿಗಳಲ್ಲಿ ಕೆಮ್ಮುವವನನ್ನು ಪ್ರತ್ಯೇಕಿಸುವಷ್ಟು ಬಿಡುವಿರಬೇಕು. ಇವಕ್ಕೆ ಹಣ ಬೇಕು. ಹಣ ಬೇರೆ ಕಾರ್ಯಕ್ರಮಗಳಿಗೆ ಹೋಯಿತು. 1992ರಲ್ಲಿ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಸ್ವೀಡನ್ನಿನ ನೆರವು ಸಂಸ್ಥೆ ಕೂಡಿ ಪರಿಶೀಲಿಸಿದಾಗ, ಚಿಕಿತ್ಸೆ ಆರಂಭಿಸಿದ ರೋಗಿಗಳಲ್ಲಿ ಪೂರ್ತಿ ಮುಗಿಸಿದವರು ಅರ್ಧಕ್ಕಿಂತಲೂ ಬಹಳ ಕಡಿಮೆ ಎಂದು ಕಂಡಿತು. 1997ರಿಂದ ಪರಿಷ್ಕೃತ ಕಾರ್ಯಕ್ರಮ ಬಂತು. ರೋಗಿ ಮಾತ್ರೆ ನುಂಗುವುದನ್ನು ಇನ್ನೊಬ್ಬರು ಕಣ್ಣಾರೆ ನೋಡಬೇಕೆಂಬ ನಿಯಮ ಬಂತು. 2006ರ ಹೊತ್ತಿಗೆ ಅದು ಇಡೀ ದೇಶವನ್ನು ಆವರಿಸಿತು. ಗುಣವಾದವರ ಸಂಖ್ಯೆ ಏರಿತು. ಆದರೆ ಬ್ಯಾನರ್ಜಿಯವರಂಥವರು ಈ ಹೊಸ ವ್ಯವಸ್ಥೆಯನ್ನು ಮೆಚ್ಚಲಿಲ್ಲ. ರೋಗಿಯನ್ನು ನಂಬದೆ ಕಾವಲು ಕಾಯುವ ಪದ್ಧತಿ ಎಂಬ ಟೀಕೆ ಸಮಾಜಶಾಸ್ತ್ರಜ್ಞರ ಕಡೆಯಿಂದ ಬಂದೇ ಬಂತು. ನನ್ನ ಅಭಿಪ್ರಾಯ ಕೇಳಿದರೆ, ಟೀಕೆಯಲ್ಲಿ ಹುರುಳಿದೆ, ಮಾತ್ರೆಯಲ್ಲೂ ಹುರುಳಿದೆ. ದಿನಗೂಲಿ ಬಿಟ್ಟು ಬಂದು ಇನ್ನೊಬ್ಬರ ಎದುರು ಬಾಯಿ ತೆರೆದು ನಿಲ್ಲುವುದು ಯಾವ ಸ್ವಾಭಿಮಾನಿಗೂ ಹಿತವಲ್ಲ. ಮಾತ್ರೆಯೇ ಇಲ್ಲದ ದಿನಗಳಿಗಿಂತ ಅದು ಮೇಲು.

ನನ್ನ ಕಕ್ಷಿದಾರರ ವಿಷಯಕ್ಕೆ ಮರಳುತ್ತೇನೆ. ಆರು ತಿಂಗಳ ಮಾತ್ರೆ ಆರಂಭವಾಯಿತು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತಿತು, ಹಸಿವಾಯಿತು, ಬೆಂಗಳೂರಿನಿಂದ ಮೇಸ್ತ್ರಿ ಕರೆಯತೊಡಗಿದ. ನಮ್ಮ ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟ ವರ್ಷ ಗಂಡಸರು ಊರಲ್ಲಿ ಉಳಿಯುವುದಿಲ್ಲ. ಬೆಂಗಳೂರಿನ ಗಾರೆ ಕೆಲಸ, ತಿರುಪ್ಪೂರಿನ ಬನಿಯನ್ ಕಾರ್ಖಾನೆ, ಕೇರಳದ ಕೂಲಿ, ಯಾವುದಾದರೊಂದು. ಒಂದು ರಾಜ್ಯದಲ್ಲಿ ಹೆಸರು ದಾಖಲಾದ ರೋಗಿಗೆ ಇನ್ನೊಂದು ರಾಜ್ಯದಲ್ಲೂ ಮಾತ್ರೆ ಸಿಗುವಂತೆ ಗಣಕಯಂತ್ರದ ವ್ಯವಸ್ಥೆ ಈಗ ಇದೆ. ಅವರಿಗೆ ಅದನ್ನು ಹೇಳಿದವರಿಲ್ಲ. ಐದು ವಾರ ಮಾತ್ರೆ ತಪ್ಪಿತು. ಆ ದಾದಿಯೇ ದೂರವಾಣಿ ಮಾಡಿ, ಗದರಿಸಿ, ಬೇಡಿಕೊಂಡು ಮತ್ತೆ ಆರಂಭಿಸಿಸಿದರು. ಅಷ್ಟರಲ್ಲಿ ಅವರ ತಾಯಿಗೂ ಕೆಮ್ಮು ಹಿಡಿದಿತ್ತು. ಅರವತ್ತೈದರ ಆ ಹೆಂಗಸು ಬಹಳ ಬಡಕಲಾಗಿದ್ದರು. ಕಫದಲ್ಲಿ ಕ್ಷಯ ಕಂಡು, ಮಾತ್ರೆ ಆರಂಭವಾಗಿ, ಮೂರನೆಯ ವಾರ ತೀರಿಕೊಂಡರು.

ಮಾತ್ರೆ ಆರಂಭವಾದ ಮೇಲೂ ಸಾವು ಏಕೆ? ಇದಕ್ಕೆ ಉತ್ತರ ಹುಡುಕಿ ಹೊರಟರೆ ಮತ್ತೆ ಮದ್ರಾಸಿನ ಆ ಅಧ್ಯಯನಕ್ಕೇ ಬರಬೇಕಾಗುತ್ತದೆ. ಊಟ ಹೀನವಾಗಿದ್ದರೂ ಮಾತ್ರೆಯಿಂದ ರೋಗ ಹೋಗುತ್ತದೆ ಎಂದು ಅದು ತೋರಿಸಿತಲ್ಲವೇ? ಅದನ್ನು ಓದಿದವರು ಕ್ರಮೇಣ ಇನ್ನೊಂದು ಅರ್ಥ ಕಟ್ಟಿಕೊಂಡರು: ಕ್ಷಯಕ್ಕೂ ಊಟಕ್ಕೂ ಸಂಬಂಧವಿಲ್ಲ. ಅಧ್ಯಯನ ಹಾಗೆ ಹೇಳಿರಲಿಲ್ಲ. ಆದರೂ ಹಲವು ದಶಕಗಳ ಕಾಲ ಕ್ಷಯ ಕಾರ್ಯಕ್ರಮದಲ್ಲಿ ಮಾತ್ರೆಗೆ ಸ್ಥಾನವಿತ್ತು, ಅನ್ನಕ್ಕೆ ಇರಲಿಲ್ಲ. ತೀರ್ಪಿನ ಒಂದು ವಾಕ್ಯವನ್ನು ಸಂದರ್ಭದಿಂದ ಕಿತ್ತು ನೂರು ಕಡೆ ಉದ್ಧರಿಸುವ ವಕೀಲರನ್ನು ನೋಡಿದ್ದೇನೆ. ವೈದ್ಯರಲ್ಲೂ ಆ ಚಾಳಿ ಇದೆ ಎಂದು ತಿಳಿದಾಗ ಸಮಾಧಾನವಾಗಲಿಲ್ಲ.

ಅನ್ನದ ಪ್ರಶ್ನೆಯನ್ನು ಮತ್ತೆ ಎತ್ತಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ. 2019ರ ಆಗಸ್ಟಿನಲ್ಲಿ, ಅಂದರೆ ನನ್ನ ಕಕ್ಷಿದಾರರು ಮೊದಲ ಮಾತ್ರೆ ನುಂಗಿದ ದಿನಗಳಲ್ಲೇ, ಅವರ ತಂಡ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಅಧ್ಯಯನ ಆರಂಭಿಸಿತು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕಿಲೋ ಆಹಾರಸಾಮಗ್ರಿಯ ಚೀಲ. ಒಂದು ಪಾಲಿನ ಮನೆಗಳಲ್ಲಿ ಮಾತ್ರ ಮನೆಯ ಉಳಿದವರಿಗೂ ತಲೆಗೆ 5 ಕಿಲೋ ಅಕ್ಕಿ, ಜೊತೆಗೆ ಬೇಳೆ. ಅಕ್ಕಿ, ಬೇಳೆಯಂಥ ದಿನಬಳಕೆಯ ವಸ್ತುಗಳು. 2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಫಲಿತಾಂಶ ಪ್ರಕಟವಾಯಿತು. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದ ಪ್ರಮಾಣ ಶೇ. 39ರಷ್ಟು ಕಡಿಮೆ, ಕಫದ ಮೂಲಕ ಹರಡುವ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು ಕಡಿಮೆ. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಿಗೆ ಸಾವಿನ ಅಪಾಯ ಕಡಿಮೆಯಾಗಿತ್ತು. ಲಸಿಕೆಯೊಂದು ಇಷ್ಟು ಫಲ ಕೊಟ್ಟಿದ್ದರೆ ಪತ್ರಿಕೆಗಳ ಮುಖಪುಟವೆಲ್ಲ ಅದೇ ಇರುತ್ತಿತ್ತು. ಅಕ್ಕಿ ಬೇಳೆಗೆ ಆ ಗೌರವ ಸಿಗುವುದಿಲ್ಲ.

ಈ ಅರಿವು ಚಿಕಿತ್ಸೆಯೊಳಕ್ಕೆ ಬರುತ್ತಿದೆ, ನಿಧಾನವಾಗಿಯಾದರೂ ಬರುತ್ತಿದೆ. ಕ್ಷಯರೋಗಿಗೆ ಪೋಷಣೆಗಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಕೇಂದ್ರದ ಯೋಜನೆ 2018ರ ಏಪ್ರಿಲಿನಿಂದ ಇತ್ತು; 2024ರ ನವೆಂಬರಿನಿಂದ ಅದು 1,000 ರೂಪಾಯಿ. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ, ಆಧಾರ್, ಹೆಸರಿನ ಅಕ್ಷರ ಮೂರೂ ಹೊಂದಬೇಕು. ಮನೆಯಲ್ಲಿ ಕನ್ನಡದ ಹೆಸರು, ಶಾಲೆಯಲ್ಲಿ ತಮಿಳು ರೂಪ, ಆಧಾರಿನಲ್ಲಿ ಇಂಗ್ಲಿಷಿನ ಮೂರನೆಯ ರೂಪ ಇರುವ ನಮ್ಮವರಿಗೆ ಇದು ಸಣ್ಣ ಮಾತಲ್ಲ. ನನ್ನ ಕಚೇರಿಗೆ ಬರುವ ಪ್ರಮಾಣಪತ್ರಗಳಲ್ಲಿ ಅರ್ಧಪಾಲು, ಈ ಮೂವರೂ ಒಬ್ಬನೇ ಎಂದು ಸಾಧಿಸುವುದಕ್ಕೇ ಇರುತ್ತವೆ.

ತಮಿಳುನಾಡು ಸರ್ಕಾರ 2022ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಕ್ಷಯದಿಂದ ಸಾಯುವವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಮೊದಲ ವಾರಗಳಲ್ಲೇ ಸಾಯುತ್ತಾರೆ ಎಂಬುದು ತಿಳಿದ ವಿಷಯ. ಹಾಗಿದ್ದರೆ ಮೊದಲ ದಿನವೇ ಅಂಥವರನ್ನು ಗುರುತಿಸಿ ಆಸ್ಪತ್ರೆಗೆ ಸೇರಿಸಿದರಾಗದೆ? ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆಯೊಡನೆ ಕೂಡಿ 'ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ', ಎಂದರೆ ಕ್ಷಯದಿಂದ ಸಾವಿಲ್ಲದ ಯೋಜನೆ, ಆರಂಭವಾಯಿತು. ಆರೋಗ್ಯ ಕಾರ್ಯಕರ್ತರು ಐದು ಸಂಗತಿಗಳನ್ನು ನೋಡುತ್ತಾರೆ: ಎತ್ತರಕ್ಕೆ ತಕ್ಕ ತೂಕವಿದೆಯೇ, ಕಾಲು ಊದಿಕೊಂಡಿದೆಯೇ, ಉಸಿರಿನ ವೇಗವೆಷ್ಟು, ರಕ್ತದಲ್ಲಿ ಆಮ್ಲಜನಕವೆಷ್ಟು, ಯಾರ ಆಸರೆಯೂ ಇಲ್ಲದೆ ನಿಲ್ಲಬಲ್ಲರೇ. ಕೆಲವೇ ನಿಮಿಷಗಳ ಕೆಲಸ, ದೊಡ್ಡ ಯಂತ್ರ ಬೇಡ. ಇದರಲ್ಲಿ ಯಾವುದೂ ಹೊಸ ಸಂಶೋಧನೆಯಲ್ಲ. ಗೊತ್ತಿದ್ದದ್ದನ್ನು ದಾದಿಯ ಕೈಗೆಟಕುವ ಐದು ಪ್ರಶ್ನೆಗಳಾಗಿ ಭಾಷಾಂತರಿಸಿದ್ದೇ ಇಲ್ಲಿನ ಬುದ್ಧಿವಂತಿಕೆ. ನನ್ನ ಕಕ್ಷಿದಾರರ ತಾಯಿ ಮನೆಯ ಕಂಬ ಹಿಡಿದುಕೊಂಡು ಏಳುತ್ತಿದ್ದರು. ಮೂರು ವರ್ಷ ತಡವಾಗಿ ಅವರಿಗೆ ಕ್ಷಯ ಬಂದಿದ್ದರೆ ಐದನೆಯ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಿದ್ದರು.

ಧರ್ಮಪುರಿಯ ಲೆಕ್ಕ ಹೇಳುತ್ತೇನೆಂದೆನಲ್ಲವೇ? ಅದು ನೀರಿನ ಲೆಕ್ಕ. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನ ಮಗು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಅಳಿಯದ ಕಂದು ಪಟ್ಟೆ ಬೀಳುತ್ತದೆ. ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ಕುಡಿದವರ ಬೆನ್ನು, ಮಂಡಿ ಬಿಗಿದುಕೊಳ್ಳುತ್ತವೆ. ಒಮ್ಮೆ ಬಂದರೆ ಔಷಧವಿಲ್ಲ. ಬೇರೆ ನೀರು ಕೊಡುವುದೊಂದೇ ಉಪಾಯ. ನಗುವಾಗ ಸೆರಗು ಅಡ್ಡ ಹಿಡಿಯುವ ಹುಡುಗಿಯರನ್ನೂ, ನಲವತ್ತಕ್ಕೇ ಕೋಲು ಹಿಡಿದ ಗಂಡಸರನ್ನೂ ಕಾಣದ ಊರು ನಮ್ಮಲ್ಲಿ ಕಡಿಮೆ. ಮಂಡಿನೋವೆಂದು ಹೋದವರಿಗೆ ಇಲ್ಲಿಯೂ ಸಿಗುವುದು ನೋವಿನ ಮಾತ್ರೆ. ನೀವು ಯಾವ ಬಾವಿಯ ನೀರು ಕುಡಿಯುತ್ತೀರಿ ಎಂದು ಕೇಳಿದ ವೈದ್ಯರು ಕೆಲವರೇ.

ಭಾರತದಲ್ಲಿ ಈ ರೋಗವನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸು ಪ್ರಾಂತದ್ದೇ ಆದ ನೆಲ್ಲೂರು ಜಿಲ್ಲೆಯಿಂದ. ಆಗ ನಮ್ಮ ಪ್ರದೇಶ ಸೇಲಂ ಜಿಲ್ಲೆಯಾಗಿ ಅದೇ ಪ್ರಾಂತದಲ್ಲಿತ್ತು. ಪಟಿಕ, ಸುಣ್ಣ ಬೆರೆಸಿ ಫ್ಲೋರೈಡನ್ನು ಇಳಿಸುವ ನಲಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಸಂಸ್ಥೆ ರೂಪಿಸಿತು. ವಿಜ್ಞಾನ ಸರಿಯೇ. ಆದರೆ ದಿನವೂ ಅಳೆದು ಬೆರೆಸಿ ಕಲಕಿ ಕಾದು ಕೂರುವವರು ಯಾರು? ನೀರು ಹೊರುವ ಹೆಂಗಸಿಗೆ ಇರುವ ಹದಿನೆಂಟು ಕೆಲಸಗಳಲ್ಲಿ ಇದು ಹತ್ತೊಂಬತ್ತನೆಯದು. ದೇಶದ ಅನೇಕ ಕಡೆ ಆ ಘಟಕಗಳು ಮೂಲೆ ಸೇರಿದವು. ಕೊನೆಗೆ ಜಪಾನಿನ ಸಾಲದ ನೆರವಿನಿಂದ, ಸುಮಾರು 1,928 ಕೋಟಿ ರೂಪಾಯಿ ವೆಚ್ಚದಲ್ಲಿ, ಹೊಗೆನಕಲ್ಲಿನ ಕಾವೇರಿಯಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ನೀರು ತರುವ ಯೋಜನೆ 2008ರಲ್ಲಿ ಆರಂಭವಾಗಿ 2013ರಲ್ಲಿ ಉದ್ಘಾಟನೆಗೊಂಡಿತು. ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆ ಎಂಬ ಮಾತಿದೆ. 1937ರಿಂದ 2013: ಎಪ್ಪತ್ತಾರು ವರ್ಷ.

2008ರಲ್ಲಿ ಈ ಯೋಜನೆಯ ಹೆಸರಿನಲ್ಲಿ ಎರಡೂ ರಾಜ್ಯಗಳಲ್ಲಿ ನಡೆದ ಗದ್ದಲ ನಮ್ಮ ಓದುಗರಿಗೆ ನೆನಪಿರಬಹುದು. ಬಸ್ಸುಗಳು ನಿಂತವು, ಭಾಷಣಗಳಾದವು, ಕರ್ನಾಟಕದಲ್ಲಿ ಚುನಾವಣೆ ಮುಗಿಯುವವರೆಗೆ ಕೆಲಸ ತಡೆಹಿಡಿಯಲಾಯಿತು. ಗಡಿಯ ಕನ್ನಡಿಗರಾದ ನಮ್ಮ ಸ್ಥಿತಿ ವಿಚಿತ್ರವಾಗಿತ್ತು. ಹೊಗೆಯಾಡುವ ಕಲ್ಲು ಎಂಬ ಹೊಗೆನಕಲ್ಲಿನ ಹೆಸರು ನಮ್ಮ ನುಡಿಯದು. ಆ ನೀರು ಬೇಡವೆಂದು ಕೂಗಿದವರೂ ನಮ್ಮ ನುಡಿಯವರು. ಆ ನೀರಿಲ್ಲದೆ ಹಲ್ಲು ಕಪ್ಪಾದ ಮಕ್ಕಳೂ ನಮ್ಮವರು. ನದಿ ಹಂಚಿಕೆಯ ವ್ಯಾಜ್ಯ ಬೇರೆ, ಕುಡಿಯುವ ನೀರಿನ ರೋಗ ಬೇರೆ ಎಂದು ಹೇಳಲು ಆಗ ಎರಡು ಕಡೆಯೂ ಕೇಳುವ ಕಿವಿ ಇರಲಿಲ್ಲ. ಇಂದು ಬಹುಪಾಲು ಊರುಗಳಿಗೆ ಆ ನೀರು ಬರುತ್ತಿದೆ. ಆದರೂ ಬೇಸಿಗೆಯಲ್ಲಿ, ತುದಿಯ ಹಟ್ಟಿಗಳಲ್ಲಿ, ನಲ್ಲಿ ಒಣಗಿದ ದಿನ ಜನ ಕೊಡ ಹಿಡಿದು ಹಳೆಯ ಕೊಳವೆಬಾವಿಗೇ ಹೋಗುತ್ತಾರೆ. ಯಾವ ಬಾವಿಯ ನೀರು ಕುಡಿಯಬಹುದು, ಯಾವುದು ಬಟ್ಟೆ ಒಗೆಯಲು ಮಾತ್ರ ಎಂಬ ಫಲಕ ಬಾವಿಯ ಬಳಿ ಇದ್ದರೆ ಅದೇ ದೊಡ್ಡ ಔಷಧ.

ಕಡೆಯದಾಗಿ ನನ್ನ ಕಸುಬಿಗೆ ಸೇರಿದ ಮಾತು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ವೈದ್ಯಕೀಯ ಒಪ್ಪಿಗೆಯ ವಿಷಯದಲ್ಲಿ ಇಂದಿಗೂ ಆಧಾರ. ಅದನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ರೋಗಿ ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆಯಾಗದು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳ ಬಗ್ಗೆ ಸಾಕಷ್ಟು ತಿಳಿದ ಮೇಲೆ ಕೊಟ್ಟದ್ದೇ ಒಪ್ಪಿಗೆ. ಹೊಸ ಔಷಧದ ಪ್ರಯೋಗಕ್ಕಂತೂ 2019ರ ನಿಯಮಗಳು, ಪಾಲ್ಗೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಬೇಕೆಂದು ವಿಧಿಸುತ್ತವೆ. ಅಂದರೆ ಔಷಧ ಇನ್ನೂ ಸಂಶೋಧನೆಯಲ್ಲಿರುವಾಗ ನಮ್ಮ ಭಾಷೆಗೆ ಕಾನೂನಿನ ರಕ್ಷಣೆ ಇದೆ. ಅದೇ ಔಷಧ ಸಂಶೋಧನೆ ಮುಗಿಸಿ ನಮ್ಮೂರ ಆಸ್ಪತ್ರೆಗೆ ಬಂದ ಮೇಲೆ, ಅದರ ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಪ್ರಶ್ನಿಸುವವರಿಲ್ಲ.

ಜಮೀನಿನ ಪತ್ರದಲ್ಲಿ ಬರೆಸಿಕೊಡುವವನಿಗೆ ಪತ್ರದ ಭಾಷೆ ಬಾರದಿದ್ದರೆ, ಓದಿ ಹೇಳಿ ಅರ್ಥ ಮಾಡಿಸಲಾಗಿದೆ ಎಂಬ ಷರಾ ಬರೆದು ಓದಿ ಹೇಳಿದವನು ಸಹಿ ಹಾಕುತ್ತಾನೆ. ನಾಳೆ ವ್ಯಾಜ್ಯವಾದರೆ ಸಾಕ್ಷಿಯಾಗಿ ಬರಬೇಕಾದವನು ಅವನೇ. ಒಂದೂವರೆ ಎಕರೆ ಬೆದ್ದಲಿಗೆ ಇರುವ ಈ ಎಚ್ಚರ ಆರು ತಿಂಗಳ ಮಾತ್ರೆಗೆ ಏಕಿರಬಾರದು? ಸಂವಿಧಾನದ 350ನೆಯ ವಿಧಿಯಂತೆ ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ನಮ್ಮ ಅಹವಾಲನ್ನು ಸಲ್ಲಿಸುವ ಹಕ್ಕು ನಮಗಿದೆ. ಕನ್ನಡ ಮನೆಗಳಿರುವ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಚಿಕಿತ್ಸಾ ಚೀಟಿ, ಕಫ ಪರೀಕ್ಷೆಯ ಸೂಚನೆ, ಬಾವಿನೀರಿನ ಫಲಕ ಈ ಮೂರಾದರೂ ಕನ್ನಡದಲ್ಲೂ ಇರಲಿ ಎಂದು ಅಂಥದೊಂದು ಅಹವಾಲನ್ನು ಸಿದ್ಧಪಡಿಸಿದ್ದೇನೆ. ಸಹಿ ಹಾಕಬಯಸುವವರು ಪೆನ್ನಾಗರಂಗೆ ಬಂದಾಗ ನ್ಯಾಯಾಲಯದ ಹೊತ್ತು ಮುಗಿದ ಮೇಲೆ ಬರಬಹುದು.

ಮೊದಲ ಸಹಿ ಆ ಕಕ್ಷಿದಾರರದೇ. ಕಳೆದ ತಿಂಗಳು ಮಗಳ ಶಾಲೆಯ ಕಾಗದಕ್ಕೆಂದು ಬಂದಿದ್ದರು, ಈಗ ಗಟ್ಟಿಮುಟ್ಟಾಗಿದ್ದಾರೆ. ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ಹೊರತೆಗೆಯುವಾಗ ಕ್ರಯಪತ್ರದ ನಕಲಿನ ಮಡಿಕೆಯಿಂದ ಹಳದಿಯಾದ ರಟ್ಟಿನ ಚೀಟಿಯೊಂದು ಜಾರಿಬಿತ್ತು. ಕ್ಷಯದ ಚಿಕಿತ್ಸೆಯ ಚೀಟಿ. ಇಷ್ಟು ವರ್ಷ ಜಮೀನಿನ ಪತ್ರದ ಜೊತೆಗೇ ಇಟ್ಟಿದ್ದಾರೆ. "ಇದರಾಗೆ ಏನು ಬರ್ದವ್ರೆ ಅಂತ ಒಂದ್ಸಲ ಓದಿ ಹೇಳಿ ಸ್ವಾಮಿ" ಎಂದರು. ಕುರ್ಚಿ ಹತ್ತಿರಕ್ಕೆಳೆದುಕೊಂಡು, ಮೊದಲ ಸಾಲಿನಿಂದ ಕನ್ನಡದಲ್ಲಿ ಓದಿ ಹೇಳಿದೆ.